ಮಂಚದ ಮೇಲಿನ ಗಾರೆ ಹೂವು

ಬೋಳಾರ, ಮಂಗಳೂರು
೯ ಫೆಬ್ರವರಿ ೨೦೨೫

ಪ್ರೀತಿಯ ಲಯನೆಲ್,

ಮಡಗಾಂವಿನ ಮಗಳ ಮನೆಯಲ್ಲಿ ನೀನು ಸುಖವಾಗಿದ್ದೀ ಎಂದು ನಂಬಿದ್ದೇನೆ. ನಿನ್ನ ಪತ್ರಗಳಿಗೆ ಉತ್ತರ ಬರೆಯಲಿಲ್ಲ, ಕೋಪ ಮಾಡಬೇಡ. ನಿನ್ನ ಕಿವಿ ಸರಿ ಇದ್ದಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ. ಈಗ ನಿನಗೆ ಕೇಳಿಸಬೇಕಾದರೆ ಹಂಪನಕಟ್ಟೆಯವರೆಗೆ ಎಲ್ಲರಿಗೂ ಕೇಳಿಸಬೇಕು.

ನಿಜ ಹೇಳಬೇಕೆಂದರೆ ಬರೆಯಲು ಮನಸ್ಸೇ ಬರಲಿಲ್ಲ. ನನ್ನ ರಾಜೀವಿ ಹೋದಳು ಲಯನೆಲ್. ದೀಪಾವಳಿ ಕಳೆದ ಮೇಲೆ, ಒಂದು ಬೆಳಿಗ್ಗೆ, ನಾನು ಅವಳಿಗೆ ಕುಡಿಸಲು ಗಂಜಿ ಆರಿಸುತ್ತಿದ್ದಾಗ. ಕೊನೆಗಾಲದಲ್ಲಿ ಅವಳಿಗಾಗಿ ಒಂದು ಕೆಲಸ ಮಾಡಿದ್ದೆ. ಅದು ಸರಿಯಾಯಿತೇ ಎಂದು ಕೇಳಲು ಗಾರೆ ಕೆಲಸದಲ್ಲಿ ನನ್ನ ಜೊತೆಗೇ ಮುದುಕನಾದ ನಿನ್ನನ್ನು ಬಿಟ್ಟರೆ ಯಾರಿದ್ದಾರೆ?

ಬಸ್ಸಿನಿಂದ ಇಳಿಯುವಾಗ ಬಿದ್ದು ಅವಳು ಹಾಸಿಗೆ ಹಿಡಿದದ್ದು ನಿನಗೆ ಗೊತ್ತು. ಕುತ್ತಿಗೆಯಿಂದ ಕೆಳಗೆ ಏನೂ ಅಲ್ಲಾಡುತ್ತಿರಲಿಲ್ಲ. ಬಾಯಿ ಮಾತ್ರ ಮೊದಲಿನ ಹಾಗೇ ಚುರುಕು. ಅಂಗಾತ ಮಲಗಿದವಳಿಗೆ ನೋಡಲು ಇದ್ದದ್ದು ನಮ್ಮ ಸ್ಲ್ಯಾಬು, ಅದರಲ್ಲಿ ನೀರು ಸೋರಿದ ಕಲೆ. ಒಂದು ದಿನ, “ಡಾಲಿ ಬಾಯಿಯಂಥವರು ಕಾಯಿಲೆ ಬಿದ್ರೂ ಸೀಲಿಂಗಿನ ಹೂ ನೋಡ್ತಾ ಮಲಗ್ತಾರೆ. ನಿಮ್ಮನ್ನು ಕಟ್ಟಿಕೊಂಡ ನನಗೆ ಈ ಕಲೆ,” ಎಂದಳು. ತಮಾಷೆಗೇ ಹೇಳಿದ್ದು. ನನಗೆ ಅದು ನಾಟಿತು. ಊರಿನ ಸಿರಿವಂತರ ಸೀಲಿಂಗಿಗೆಲ್ಲ ನೀನೂ ನಾನೂ ಗಾರೆ ಹೂವು ಕಟ್ಟಿದೆವು. ಸ್ವಂತ ಹೆಂಡತಿಯ ತಲೆಯ ಮೇಲೆ ಸುಣ್ಣ ಬಳಿಯಲೂ ನನಗೆ ಪುರುಸೊತ್ತಾಗಿರಲಿಲ್ಲ.

ಕೊಡಿಯಾಲ್‌ಬೈಲಿನಲ್ಲಿ ಡಾಲಿ ಬಾಯಿಯ ಹಳೆಯ ಬಂಗಲೆ ನೆನಪುಂಟಲ್ಲ? ರಾಜೀವಿ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಮನೆ. ಬುಟ್ಟಿ ಹಿಂಬಾಗಿಲು ದಾಟುವಂತಿರಲಿಲ್ಲ. ಬಂಗುಡೆ ತೆಗೆದುಕೊಡುತ್ತಾ ಅಡುಗೆಮನೆಯ ಬಾಗಿಲಿನಿಂದ ಒಳಗಿನ ಹಾಲ್‌ನ ಸೀಲಿಂಗಿನ ನಡುವೆ ಇದ್ದ ದೊಡ್ಡ ಗಾರೆ ಹೂವನ್ನು ಇಣುಕಿ ನೋಡುತ್ತಿದ್ದಳಂತೆ. ಆ ಬಂಗಲೆ ಈಗ ಇಲ್ಲ, ಫ್ಲ್ಯಾಟ್ ಏಳುತ್ತಿದೆ. ಕೆಡಹುವ ಮೊದಲು ಹೋಗಿ, ಹೂವಿನ ಅಚ್ಚು ತೆಗೆಯಲೇ ಎಂದು ಕೇಳಿದೆ. “ಅಚ್ಚು ಎಂತಕ್ಕೆ ಯಾದವ, ಹೂವನ್ನೇ ಕೊಂಡು ಹೋಗು,” ಎಂದರು ಡಾಲಿ ಬಾಯಿ. ಹಳೆಯ ಸುಣ್ಣದ ಗಾರೆ, ಕಿತ್ತರೆ ಪುಡಿಯಾಗುತ್ತಿತ್ತು. ಅಚ್ಚನ್ನೇ ತೆಗೆದೆ.

ಹೂವಿನ ಸುತ್ತಲಿನ ಎಲೆಗಳ ಸಂದಿನಲ್ಲಿ ತುಂಬಿದ್ದ ಸುಣ್ಣವನ್ನು ಒದ್ದೆ ಬ್ರಷ್ಷಿನಿಂದ ಉಜ್ಜಿ ತೆಗೆದಾಗ ನೀನಿರಬೇಕಿತ್ತು. ಯಾವುದೋ ಪರದೇಶದ ಎಲೆ ಎಂದು ನಾವು ತಿಳಿದಿದ್ದೆವಲ್ಲ, ಅದು ಅಪ್ಪಟ ನಮ್ಮೂರ ಜೀಗುಜ್ಜೆ ಮರದ ಎಲೆ. ಬಿಳಿಯರ ದೇಶದ ಎಲೆಯ ಚಿತ್ರ ಕೈಗೆ ಕೊಟ್ಟು ಮಾಡು ಎಂದಾಗ, ಹಿಂದಿನ ಯಾವನೋ ಗಾರೆಯವನು ಹಿತ್ತಿಲಿನ ಮರ ನೋಡಿಕೊಂಡು ಮಾಡಿದ್ದಾನೆ. ರಾಜೀವಿಗೆ ಹೇಳಿದರೆ, “ಕಾಯಿ ಬಿಟ್ಟಾಗ ಹೇಳಿ, ಎಣ್ಣೆಯಲ್ಲಿ ಪೋಡಿ ಕರಿಯುವ,” ಎಂದಳು.

ಅಂಗಳದಲ್ಲಿ ತುಂಡು ತುಂಡಾಗಿ ಎರಕ ಹೊಯ್ದೆ. ಪ್ಲಾಸ್ಟರಿಗೆ ತೆಂಗಿನ ನಾರು ಸೇರಿಸಿದೆ, ಸ್ಲ್ಯಾಬಿಗೆ ಕೊಕ್ಕೆ ಹೊಡೆದು ತಂತಿಯಿಂದ ಬಿಗಿದೆ. ಆ ದಿನಗಳಲ್ಲಿ ಅವಳನ್ನು ನೆರೆಮನೆಯ ಬೀಫಾತಿಮ್ಮನಲ್ಲಿ ಮಲಗಿಸಿದ್ದೆವು. ಬಂಗಲೆಯ ಹಾಲಿಗೆ ಮಾಡಿದ ಹೂವು, ನಮ್ಮದು ಗೂಡಿನಂಥ ಕೋಣೆ. ಗೋಡೆಯಿಂದ ಗೋಡೆಗೆ ಬಂತು. ನೀನಿದ್ದಿದ್ದರೆ, “ಎಂತ ಮಾರಾಯ, ಮನೆಯವರು ಹೊರಗೆ ಮಲಗ್ಬೇಕಾ?” ಎನ್ನುತ್ತಿದ್ದೆ.

ಅವಳನ್ನು ಕರೆತಂದು ಮಂಚದಲ್ಲಿ ಮಲಗಿಸಿದಾಗ ಹೂವನ್ನು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ, “ಚಂದ ಉಂಟು,” ಎಂದಳು. ನನ್ನ ಕೆಲಸಕ್ಕೆ ಎಷ್ಟೋ ಜನ ಶಹಭಾಸ್ ಹೇಳಿದ್ದಾರೆ, ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಅಂದಿನಿಂದ ಯಾವಾಗ ನೋಡಿದರೂ ಅವಳ ಕಣ್ಣು ಅಲ್ಲೇ. ನಿದ್ದೆಯೂ ಕಡಿಮೆಯಾಯಿತು. ನೋಡಲು ಬಂದವರಿಗೆಲ್ಲ ನಾನು ಹೂವನ್ನೂ ತೋರಿಸಿದೆ, ಅವಳನ್ನೂ ತೋರಿಸಿದೆ. ಹೋದ ದಿನವೂ ಅವಳ ಕಣ್ಣು ತೆರೆದೇ ಇತ್ತು.

“ಆಸೆ ತೀರಿಸಿ ಕಳಿಸಿದ್ರಿ, ಯಾವ ಗಂಡ ಇಷ್ಟು ಮಾಡ್ತಾನೆ?” ಎಂದರು ಸಾವಿಗೆ ಬಂದವರು. ನನ್ನ ಮಗಳು ವಿಜೇತಾ ಸಹ, “ಅಮ್ಮ ಹೂ ನೋಡ್ತಾ ಹೋದ್ರು ಅಪ್ಪ, ನೀವು ಅಳ್ಬೇಡಿ,” ಎಂದಳು. ಆ ಮಾತನ್ನು ಹಿಡಿದುಕೊಂಡೇ ನಾನು ಎದ್ದು ಕೂತದ್ದು. ಅವಳಿಗೆ ಇಷ್ಟಾದರೂ ಸುಖ ಕೊಟ್ಟೆ ಎಂಬ ಒಂದು ಸಮಾಧಾನ ನನಗಿತ್ತು.

ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ನಮ್ಮ ಮಂಗಳಾದೇವಿಯೂ ನಿಮ್ಮ ಮರಿಯಮ್ಮನವರೂ ಸೇರಿ ನಿನ್ನನ್ನು ಕಾಯಲಿ. ಹಟ ಬಿಟ್ಟು ಕಿವಿಗೆ ಮೆಶಿನ್ ಹಾಕಿಸಿಕೋ.

ಇತಿ ನಿನ್ನ
ಯಾದವ

ಮರುಬರಹ: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಮೊನ್ನೆ ಹೂವನ್ನು ಒಡೆದು ತೆಗೆದೆ. ನಾನು ಅವಳ ಮಂಚದಲ್ಲಿ ಮಲಗಿದ್ದಾಗ ಚಹಾ ತಂದ ಬೀಫಾತಿಮ್ಮ, “ಅದರ ಅಡಿಯಲ್ಲಿ ಮಲಗ್ಬೇಡಿ ಯಾದವಣ್ಣ,” ಎಂದಳು. ಏಕೆಂದು ಕೇಳಿದರೆ ಅಳಲು ಶುರುಮಾಡಿದಳು. ರಾಜೀವಿಗೆ ಹೆದರಿಕೆಯಾಗಿತ್ತಂತೆ ಲಯನೆಲ್, ಹೂವು ಮೇಲೇರಿದ ದಿನದಿಂದಲೇ. ಅಷ್ಟು ಭಾರದ್ದು, ಬಿದ್ದರೆ ಪಕ್ಕಕ್ಕೆ ಹೊರಳಲೂ ಆಗದವಳು. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ಕಣ್ಣು ಮುಚ್ಚದೆ ಕಾಯುತ್ತಿದ್ದಳಂತೆ. ನಾವು ಕಟ್ಟಿದ ಒಂದು ಹೂವೂ ಇವತ್ತಿನವರೆಗೆ ಬಿದ್ದಿಲ್ಲವಲ್ಲ, ಅದು ಬೀಳಬಹುದೆಂದು ಒಬ್ಬರು ಹೆದರಬಹುದು ಎನ್ನುವುದೇ ನನ್ನ ತಲೆಗೆ ಹೊಳೆಯಲಿಲ್ಲ. “ಅಣ್ಣನಿಗೆ ಹೇಳಿ ತೆಗೆಸುವ ರಾಜೀವಕ್ಕ,” ಎಂದು ಬೀಫಾತಿಮ್ಮ ಎಷ್ಟೋ ಸಲ ಕೇಳಿದಳಂತೆ. ಅದಕ್ಕೆ ರಾಜೀವಿ ಹೇಳಿದಳಂತೆ: “ಬೇಡ ಮಾರಾಯ್ತಿ. ನಾನು ಹಾಸಿಗೆ ಹಿಡಿದ ಮೇಲೆ ಅವರ ಮುಖದಲ್ಲಿ ನಗು ನೋಡಿದ್ದು ಈಗ ಮಾತ್ರ.”