ಬಿಸಿಲಿಗೆ ಬಂದ ಇಲಿ

ಅಮ್ಮಾ,

ಓದಲು ನೀನಿಲ್ಲವೆಂದು ಗೊತ್ತು. ಆದರೂ ಈ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕು, ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ.

ಬೆಳಕು ಬಿದ್ದಾಗ ಕ್ಯಾನ್ಸರ್ ಗಡ್ಡೆಯನ್ನು ಸುಡುವ ಔಷಧಿಯನ್ನು ನಿನಗೆ ಕೊಟ್ಟಿದ್ದರಲ್ಲ, ಅದು ಮೈಯೆಲ್ಲ ಹರಡುತ್ತಿತ್ತು. ಬಿಸಿಲು ತಾಕಿದರೆ ಚರ್ಮವೂ ಸುಡುತ್ತದೆಂದು ನಿನ್ನನ್ನು ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಇಟ್ಟಿದ್ದೆವು. ಈಗ ನಮ್ಮ ಲ್ಯಾಬಿನಲ್ಲಿ ಅದೇ ಔಷಧಿಯನ್ನು ಕಣ್ಣಿಗೆ ಕಾಣದ ನ್ಯಾನೋ ಕಣಗಳೊಳಗೆ ತುಂಬಿದ್ದೇವೆ. ಗಡ್ಡೆಯೊಳಗೆ ಹೋಗುವ ತನಕ ಆ ಕಣ ಬಾಯಿ ಬಿಡುವುದಿಲ್ಲ.

ನಿನ್ನೆ ಒಂದು ಇಲಿಗೆ ಅದನ್ನು ಚುಚ್ಚಿ, ಗಡ್ಡೆಯ ಮೇಲೆ ಕೆಂಪು ಬೆಳಕು ಹಾಯಿಸಿದ್ದೆವು. ಬೆಳಿಗ್ಗೆ ನೋಡಿದರೆ ಗಡ್ಡೆ ಕಪ್ಪಗೆ ಮುದುಡಿತ್ತು. ಆದರೆ ನಿಜವಾದ ಪರೀಕ್ಷೆ ಬಿಸಿಲಿನದು. ಹಳೆಯ ಔಷಧಿಯಾಗಿದ್ದರೆ ಇಲಿಯ ಕಿವಿ ಕೆಂಪಾಗಿ ಊದಿಕೊಳ್ಳಬೇಕು. ಬೋನನ್ನು ಕಿಟಕಿಯ ಬಳಿ ಇಟ್ಟು ಮಧ್ಯಾಹ್ನದವರೆಗೆ ಕಾದೆವು. ಸದಾ ಕತ್ತಲಲ್ಲೇ ಕೆಲಸ ಮಾಡುವುದರಿಂದ ನಾವು ಗೂಬೆ ಎಂದು ಕರೆಯುವ ಸಹೋದ್ಯೋಗಿ ಬಗ್ಗಿ ನೋಡಿದ.

“ಕಿವಿಗೆ ಏನೂ ಆಗಿಲ್ಲ ಕಣೇ. ಮಹಾರಾಯ ಬಿಸಿಲು ಕಾಯಿಸ್ಕೊಂಡು ನಿದ್ದೆ ಹೊಡೀತಿದ್ದಾನೆ.”

ಎಲ್ಲರೂ ಕುಣಿದಾಡಿದೆವು.

“ಪರದೆ ಒಂದು ಬೆರಳಷ್ಟು ಸರಿಸೇ” ಎಂದು ನೀನು ದಿನವೂ ಕೇಳುತ್ತಿದ್ದೆ. ಇವತ್ತು ಲ್ಯಾಬಿನ ಪರದೆಯನ್ನು ಆ ತುದಿಯಿಂದ ಈ ತುದಿಯವರೆಗೆ ಸರಿಸಿದ್ದು ನಾನೇ.