ವ್ಯಾನ್ ಪಾಸಾಯ್ತು

ಅಣ್ಣಾ, ನಮ್ಮ ವ್ಯಾನ್ ಪಾಸಾಯ್ತು ಕಣೋ! ಈಗಷ್ಟೇ ತಪಾಸಣೆಯವರ ಫೋನ್ ಬಂತು. ನಿನ್ನ ಗೊರಕೆ ಕೇಳಿ ಎಬ್ಬಿಸೋಕೆ ಮನಸ್ಸಾಗದೆ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ.

ಒಂದೇ ಕೈಲಿ ತಿರುಗಿಸೋ ಹಾಗೆ ನಾವು ಮಾಡಿದ ಸ್ಟೇರಿಂಗು, ನಿನ್ನ ಗಾಲಿಕುರ್ಚಿ ಹತ್ತಲಿ ಅಂತ ತಗ್ಗಿಸಿದ ಸಸ್ಪೆನ್ಷನ್ನು, ಎರಡೂ ನಿಯಮದ ಪ್ರಕಾರವೇ ಇವೆಯಂತೆ. ಆ ಸಿಡುಕು ಇನ್‌ಸ್ಪೆಕ್ಟರೇ ಓಡಿಸಿ ನೋಡಿದ್ರಂತೆ, ಫೋನಲ್ಲೇ "ಯಾರಮ್ಮ ಇದನ್ನ ಮಾಡಿದ್ದು?" ಅಂದ್ರು. "ನಾನೂ ನಮ್ಮಣ್ಣನೂ" ಅಂತ ಕಿರುಚಿಬಿಟ್ಟೆ.

ವ್ಯಾನ್ ತರೋಕೆ ಹೊರಟೆ. ಬಿಟ್ಟು ಹೋದಳು ಅಂತ ಮುನಿಸ್ಕೊಂಡು ಹಸಿದು ಕೂರಬೇಡ, ತಿಂಡಿ ಮುಚ್ಚಿಟ್ಟಿದ್ದೀನಿ. ದಯವಿಟ್ಟು ಆ ಗಡ್ಡ ಬೋಳಿಸ್ಕೋ.

ಅತ್ತಿಗೆಗೆ ಫೋನ್ ಮಾಡಿ ಹೇಳಿಬಿಡಬೇಡ. ಅಪಘಾತ ಆದ್ಮೇಲೆ ಮೊದಲ ಸಲ, ಇವತ್ತು ಸಂಜೆ ಅವರನ್ನ ಕೆಲಸದಿಂದ ಕರ್ಕೊಂಡು ಬರೋದು ನೀನೇ. ನಾನು ಹಿಂದಿನ ಸೀಟಲ್ಲಿ ಬಾಯಿ ಮುಚ್ಕೊಂಡು ಕೂತಿರ್ತೀನಿ, ನಿನ್ನಾಣೆ!

ನಿನ್ನ ತಂಗಿ