ಎರಡು ಬ್ಯಾಂಡಿಗೆ ಒಂದು ಗಿಟಾರ್

ಶಾದಾಬ್,

ಮೀನು ಸಾರು ಬಿಸಿ ಮಾಡಿಕೊ. ಮಧ್ಯಾಹ್ನ ಊಟ ಆದ ಮೇಲೆ ಅಮ್ಮಿಗೆ ಬಿಪಿ ಮಾತ್ರೆ ಕೊಡು, ನುಂಗುವವರೆಗೆ ಎದುರಿಗೇ ನಿಂತಿರು.

ನಾನು ಗೆಳತಿ ಜಾಸ್ಮಿನ್‌ಳ ಕಾರಿನಲ್ಲಿ ಹರಿಹರಪುರಕ್ಕೆ ಹೊರಟೆ. ಅಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಇವತ್ತು ರಾತ್ರಿ ರಾಕ್ ಶೋ. ಮೊದಲು ಅಸದನ ಬ್ಯಾಂಡ್, ಆಮೇಲೆ ಗುರುಕಿರಣನದು. ಹಾಡು ಕನ್ನಡದಲ್ಲಿರಬೇಕೋ ಇಂಗ್ಲಿಷಿನಲ್ಲಿರಬೇಕೋ ಎಂದು ಅವರಿಬ್ಬರೂ ಕಿತ್ತಾಡಿ, ನಿಮ್ಮ ಮೂವರ ಒಂದು ಬ್ಯಾಂಡು ಎರಡಾಯಿತು. ಈಗ ನಾನು ಎರಡೆರಡು ಸಲ ಚಪ್ಪಾಳೆ ತಟ್ಟಬೇಕು.

ನಿನ್ನೆ ಇಬ್ಬರೂ ಬೇರೆಬೇರೆಯಾಗಿ ಫೋನ್ ಮಾಡಿದ್ದರು. ಮಾತು ಮಾತ್ರ ಒಂದೇ: "ಬೇಸ್ ಗಿಟಾರ್ ನುಡಿಸೋಕೆ ಯಾರೂ ಇಲ್ಲ ಅಕ್ಕಾ, ಶಾದಾಬ್ ಎಂತ ಮಾಡ್ತಿದಾನೆ?" ನೀನು ಹೇಳಿಕೊಟ್ಟಂತೆ ಜ್ವರ ಎಂದೆ. ಥರ್ಮಾಮೀಟರನ್ನು ಬಿಸಿ ಚಹಾದಲ್ಲಿ ಅದ್ದಿದ್ದು ಅಮ್ಮಿಗೆ ಗೊತ್ತಿಲ್ಲ, ನನಗೆ ಗೊತ್ತು. ತೊಳೆದಿಟ್ಟಿದ್ದೇನೆ.

ಯಾರ ಕಡೆ ಸೇರಲಿ ಎಂದು ಮುಸುಕು ಹೊದ್ದು ಮಲಗಿದರೆ ಅವರ ಜಗಳ ಮುಗಿಯುವುದಿಲ್ಲ. ಇಬ್ಬರಿಗೂ ನುಡಿಸು. ಬೈಯುವುದಾದರೆ ಇಬ್ಬರೂ ಬೈಯಲಿ.

ಸ್ಕೂಟರಿನ ಕೀ ಫ್ರಿಜ್ಜಿನ ಮೇಲಿದೆ. ಮಂಚದ ಕೆಳಗೆ ಗಿಟಾರ್ ಹುಡುಕಬೇಡ, ಅದನ್ನು ನಾನು ತೆಗೆದುಕೊಂಡು ಹೋಗಿದ್ದೇನೆ. ಬೇಕಿದ್ದರೆ ಬಂದು ತಗೊ.

ಶಾಹೀನ್